ಹೇರು ಬಿದ್ದಾಗ ಗೊತ್ತಾಗೋದು

ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋ ಚಿಕ್ಕಪ್ಪನ ಮಗಳ ಕಂಪ್ಯೂಟರಿಗೆ ಒಂದು ವಿಚಿತ್ರ ರೋಗ. ಬರೀ ಅರ್ಜಿ ಟೈಪ್ ಮಾಡಿದ್ರೆ ದಿನವಿಡೀ ಓಡುತ್ತೆ, ದೊಡ್ಡ ಫೋಟೋ ಫೈಲು ತೆರೆದ ಕೂಡಲೇ ತಾನಾಗೇ ರೀಸ್ಟಾರ್ಟ್. ರಿಪೇರಿಯವರು 'ಮದರ್‌ಬೋರ್ಡ್ ಹೋಗಿದೆ, 7,000 ಆಗುತ್ತೆ' ಅಂದಿದ್ರು. ಅದು ಅವಳ ಎರಡು ತಿಂಗಳ ಅಂಗಡಿ ಬಾಡಿಗೆ.

'ಎಸ್‌ಎಂಪಿಎಸ್ ನೋಡಿದ್ರಾ?' ಅಂತ ಕೇಳಿದೆ. 'ನೋಡಿದ್ರಣ್ಣ, ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಸೇರಿಸಿದ್ರು, ಫ್ಯಾನ್ ತಿರುಗ್ತು' ಅಂದ್ಲು.

ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸ್ಟಾರ್ಟ್ ಆಗುತ್ತೆ ಅಂತ ಅರ್ಥ, ಅಷ್ಟೇ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಅಪ್ಪ ಹಲ್ಲು ನೋಡಿ ಸುಮ್ಮನಾಗ್ತಿರಲಿಲ್ಲ. ಗಾಡಿಗೆ ಹೂಡಿ, ಹೇರು ಹಾಕಿ, ದಿಬ್ಬ ಹತ್ತಿಸಿ ನೋಡ್ತಿದ್ರು. ಇದಕ್ಕೂ ಅದೇ ಪರೀಕ್ಷೆ ಬೇಕು.

ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿಕೊಡುತ್ತೆ. ಹಳೆಯ ಎಟಿಎಕ್ಸ್ ನಿಯಮದ ಪ್ರಕಾರ ಈ ಮೂರೂ ಶೇ. 5ಕ್ಕಿಂತ ಹೆಚ್ಚು ಅತ್ತಿತ್ತ ಹೋಗಬಾರದು. ಅಂದರೆ 12 ವೋಲ್ಟಿನ ವೈರಲ್ಲಿ 11.4ರಿಂದ 12.6, 5 ವೋಲ್ಟಿನದರಲ್ಲಿ 4.75ರಿಂದ 5.25. ಈಗಿನ ಪ್ರೊಸೆಸರ್ ತನ್ನ ಊಟದ ಬಹುಪಾಲು ಪಡೆಯೋದು 12 ವೋಲ್ಟಿನಿಂದಲೇ. ಹಾಗಾಗಿ ಮೊದಲು ನೋಡಬೇಕಾದ್ದು ಅದನ್ನೇ.

ಹಬ್ಬಕ್ಕೆ ಊರಿಗೆ ಹೋದಾಗ ಮಲ್ಟಿಮೀಟರ್ ಒಯ್ದಿದ್ದೆ. ಕಂಪ್ಯೂಟರ್ ಆನ್ ಇರುವಾಗಲೇ, ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರಿನ ಕಪ್ಪು ವೈರಿಗೆ ಕಪ್ಪು ಪ್ರೋಬ್, ಹಳದಿಗೆ ಕೆಂಪು ಪ್ರೋಬ್ ಇಟ್ಟೆ. 12.06. ಯಾರಾದರೂ ಸರಿಯಿದೆ ಅನ್ನಬೇಕು. ಅವಳು ಫೋಟೋ ಫೈಲು ತೆರೆದಳು. 11.7, 11.3, 11.2. ಸ್ಕ್ರೀನ್ ಕಪ್ಪಾಯ್ತು. ನೆಂಟರೊಬ್ಬರ ಮನೆಯ ಎಸ್‌ಎಂಪಿಎಸ್ ತಂದು ಹಾಕಿದ್ವಿ. ಅದೇ ಫೈಲು, ಅದೇ ಕೆಲಸ, 11.9ಕ್ಕಿಂತ ಕೆಳಗಿಳಿಯಲಿಲ್ಲ. ಮದರ್‌ಬೋರ್ಡ್ ಗಟ್ಟಿಮುಟ್ಟಾಗಿತ್ತು.

ಒಂದು ಮಾತು. ಮಲ್ಟಿಮೀಟರ್ ತೋರಿಸೋದು ಸರಾಸರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕುಸಿತ, ಅಲೆಯಂಥ ಏರಿಳಿತ ಅದಕ್ಕೆ ಕಾಣಲ್ಲ, ಅದಕ್ಕೆ ಆಸಿಲೋಸ್ಕೋಪ್ ಬೇಕು. ಆದ್ದರಿಂದ ಮೀಟರಲ್ಲಿ ಕೆಟ್ಟ ಅಂಕಿ ಬಂದರೆ ಎಸ್‌ಎಂಪಿಎಸ್ ಕೆಟ್ಟಿದೆ ಅನ್ನಬಹುದು, ಒಳ್ಳೆ ಅಂಕಿ ಬಂದರೆ ಪೂರ್ತಿ ನಂಬೋ ಹಾಗಿಲ್ಲ.

ನಿಮ್ಮ ಕಂಪ್ಯೂಟರಿಗೂ ಹೀಗಾದರೆ, ದುಡ್ಡು ಕೊಡೋ ಮೊದಲು ಅಂಗಡಿಯವರನ್ನ ಕೇಳಿ: ಕೆಲಸ ಮಾಡ್ತಿರುವಾಗ 12 ವೋಲ್ಟ್ ಎಷ್ಟು ಬಂತು? ನೀವೇ ಅಳೆಯೋದಾದರೂ ಹೊರಗಿನ ಕನೆಕ್ಟರಲ್ಲೇ ಅಳೆಯಿರಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಲ್ಲಿ ಅಪಾಯದಷ್ಟು ಕರೆಂಟ್ ಉಳಿದಿರುತ್ತೆ.