ಫ್ರೆಂಚ್ ಹೌಸ್, ಬನಿಯನ್ ಕಂಪನಿ ಮತ್ತು ಮಾಮಿಯ ಕ್ಯಾಸೆಟ್

ಫ್ರೆಂಚ್ ಹೌಸ್ ಅಂದರೆ ಫ್ರಾನ್ಸಿನಲ್ಲಿ ಯಾರೋ ಕಟ್ಟಿಸಿದ ಮನೆ ಎಂದು ನನ್ನ ಉಮ್ಮ ತಿಳಿದಿದ್ದರು. ಬಾಡಿಗೆ ಎಷ್ಟು ಎಂದೂ ಕೇಳಿದರು. ಅದು ಮನೆಯಲ್ಲ, ಒಂದು ಬಗೆಯ ಸಂಗೀತ. ಎರಡು ವರ್ಷದಿಂದ ತಿರುಪ್ಪೂರಿನ ಬಾಡಿಗೆ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಾನು ಅದನ್ನು ಮಾಡಲು ಕಲಿಯುತ್ತಿದ್ದೇನೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ಸುದ್ದಿ ಹೇಗೋ ಹರಡಿತು. ಇಬ್ಬರು ಹುಡುಗರು "ಕಾಕ, ನಮಗೂ ಹೇಳಿಕೊಡಿ" ಎಂದರು. ಇಬ್ಬರು ಹಿರಿಯರು "ಇದೆಲ್ಲ ನಿನಗೆ ಎಂತಕ್ಕೆ?" ಎಂದರು. ಇಬ್ಬರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಸಂಗೀತ ಸರಿಯೋ ತಪ್ಪೋ ಎಂಬ ಪ್ರಶ್ನೆ ಮೊದಲೇ ಬರುತ್ತದೆ, ಗೊತ್ತು. ನಮ್ಮ ಮದುವೆ, ಮಜಲಿಸುಗಳಲ್ಲಿ ದಫ್ ಉಂಟು. ಉಳಿದ ವಾದ್ಯಗಳ ಬಗ್ಗೆ ತಿಳಿದವರಲ್ಲೇ ಬೇರೆ ಬೇರೆ ಅಭಿಪ್ರಾಯ ಉಂಟು. ತೀರ್ಪು ಹೇಳುವಷ್ಟು ಇಲ್ಮ್ ನನ್ನಲ್ಲಿಲ್ಲ. ಅದನ್ನು ನಿಮ್ಮ ಉಸ್ತಾದರ ಹತ್ತಿರ ಕೇಳಿ. ನನ್ನ ಉಪ್ಪ ಹಾಕಿದ್ದು ಒಂದೇ ಷರತ್ತು: "ರಾತ್ರಿ ಎಷ್ಟು ಹೊತ್ತಾದರೂ ಕೂತುಕೋ, ಸುಬಹಿ ತಪ್ಪಬಾರದು."

ಉಪ್ಪನದ್ದು ಉಪ್ಪಿನಂಗಡಿಯಲ್ಲಿ ಜಿನಸಿ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೊದಲು ಕೊಯಮತ್ತೂರಿನ ಒಂದು ಪಂಪ್ ಕಂಪನಿಗೆ ಬಂದೆ. ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನಿಟ್ಟಿಂಗ್ ಮಷಿನ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಈ ಕಡೆ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇನ್ನೂ ಕನ್ನಡವೇ ಮನೆಮಾತು. ನಮ್ಮ ಫ್ಲೋರಿನ ಹಿರಿಯ ಫಿಟ್ಟರ್ ಅಂಥ ಮನೆಯವರು. ಅರ್ಧ ತಮಿಳು ಬೆರೆತ ಅವರ ಕನ್ನಡದಲ್ಲೇ ನಾನು ಲೂಪ್ ಎಂಬ ಪದದ ಅರ್ಥ ಕಲಿತದ್ದು. ಬನಿಯನ್ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ನೂಲಿನ ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ, ಅದರೊಳಗೆ ಮತ್ತೊಂದು. ಕುಣಿಕೆಯ ಉದ್ದ ಸ್ವಲ್ಪ ವ್ಯತ್ಯಾಸವಾದರೂ ಬಟ್ಟೆಯ ತೂಕ ಬದಲಾಗುತ್ತದೆ. ಒಂದು ಸೂಜಿ ಮುರಿದರೆ ಥಾನಿನ ಉದ್ದಕ್ಕೂ ಗೆರೆ ಬೀಳುತ್ತದೆ. ಫ್ರೆಂಚ್ ಹೌಸ್ ಕೂಡ ಲೂಪಿನ ಸಂಗೀತವೇ. ಎರಡು ಸೆಕೆಂಡಿನ ತುಣುಕೊಂದನ್ನು ಕತ್ತರಿಸಿ ನೂರು ಸಲ ತಿರುಗಿಸುತ್ತಾರೆ. ಕತ್ತರಿಸಿದ ಜಾಗ ಸರಿಯಿಲ್ಲದಿದ್ದರೆ ನೂರು ಸಲವೂ ಅಲ್ಲಿ 'ಟಿಕ್' ಅನ್ನುತ್ತದೆ.

ಇದರ ಹುಟ್ಟಿನ ಬಗ್ಗೆ ಸ್ವಲ್ಪ. ಅಮೆರಿಕದ ಶಿಕಾಗೊದಲ್ಲಿ ವೇರ್‌ಹೌಸ್ ಎಂಬ ಕ್ಲಬ್ ಇತ್ತು. ಹೆಸರಿನ ಅರ್ಥ ಗೋದಾಮು. 1977ರಿಂದ ಅಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ಹಳೆಯ ಡಿಸ್ಕೊ ಹಾಡುಗಳನ್ನು ಜೋಡಿಸಿ ನುಡಿಸುತ್ತಿದ್ದರು. ಆ ಗೋದಾಮಿನ ಹೆಸರಿನಿಂದಲೇ ಹೌಸ್ ಎಂಬ ಪದ ಬಂತು ಎನ್ನುವುದು ಹೆಚ್ಚಿನವರು ಒಪ್ಪುವ ಮಾತು. 1990ರ ದಶಕದಲ್ಲಿ ಪ್ಯಾರಿಸಿನ ಹುಡುಗರು ಅದನ್ನು ಎತ್ತಿಕೊಂಡು ತಮ್ಮದೇ ರೀತಿ ಮಾಡಿದರು. ಅವರಲ್ಲಿ ಹೆಸರು ಮಾಡಿದವರು ಡಾಫ್ಟ್ ಪಂಕ್ ಎಂಬ ಜೋಡಿ. 1997ರಲ್ಲಿ ಬಂದ ಅವರ ಮೊದಲ ಆಲ್ಬಂ 'ಹೋಮ್‌ವರ್ಕ್' ದೊಡ್ಡ ಸ್ಟುಡಿಯೊದಲ್ಲಿ ಆದದ್ದಲ್ಲ, ಇಬ್ಬರಲ್ಲಿ ಒಬ್ಬನಾದ ತೋಮಾ ಬಾಂಗಾಲ್ತೆರನ ಮಲಗುವ ಕೋಣೆಯಲ್ಲಿ ಆದದ್ದು. ಬಾಡಿಗೆ ಕೋಣೆಯವನಾದ ನನಗೆ ಇದು ದೊಡ್ಡ ಧೈರ್ಯ ಕೊಟ್ಟಿತು.

ಇನ್ನೊಂದು ವಿಷಯ ಕೇಳಿ. ಈ ತೋಮಾನ ತಂದೆ ಡೇನಿಯಲ್ ವಾಂಗಾರ್ಡ್ ಡಿಸ್ಕೊ ಕಾಲದ ಹಾಡು ರಚನಕಾರರು. ಒಟ್ಟಾವಾನ್ ಎಂಬ ಜೋಡಿಗೆ ಅವರು ಹಾಡು ಮಾಡಿಕೊಡುತ್ತಿದ್ದರು. ಅದರಲ್ಲೊಂದು 'ತೆ ಓಕೆ'. ಕಳೆದ ಬಕ್ರೀದಿಗೆ ಊರಿಗೆ ಹೋದಾಗ ಅಂಗಡಿಯಲ್ಲಿ ಉಪ್ಪನಿಗೆ ಅದನ್ನು ಮೊಬೈಲಿನಲ್ಲಿ ಕೇಳಿಸಿದೆ. ಅಕ್ಕಿ ತೂಗುತ್ತಿದ್ದ ಉಪ್ಪ ಕೈ ನಿಲ್ಲಿಸಿ, "ಇದು ಮಿಥುನ್‌ನ ಪಿಕ್ಚರಿನದ್ದಲ್ಲವಾ?" ಎಂದರು. ಹೌದು, 1982ರ 'ಡಿಸ್ಕೊ ಡಾನ್ಸರ್' ಚಿತ್ರದ 'ಜಿಮ್ಮಿ ಜಿಮ್ಮಿ' ಹಾಡಿನ ರಾಗ ಅಲ್ಲಿಂದಲೇ ಬಂದದ್ದು. ಮಗ ಹಳೆಯ ಹಾಡಿನ ತುಣುಕು ಎತ್ತಿ ಹೊಸ ಹಾಡು ಕಟ್ಟುವ ಎಷ್ಟೋ ಮೊದಲು, ಅಪ್ಪನ ಹಾಡು ಮುಂಬೈಗೆ ಬಂದು ನಮ್ಮ ಊರಿನ ಟೂರಿಂಗ್ ಟಾಕೀಸಿನವರೆಗೆ ತಲುಪಿತ್ತು.

ಉಪ್ಪ ಕೇಳಿದ ಮುಂದಿನ ಪ್ರಶ್ನೆ ವ್ಯಾಪಾರಿಯದ್ದು. "ತೆಗೆದುಕೊಂಡವರು ಲೆಕ್ಕದಲ್ಲಿ ಬರೆದಿದ್ದಾರಾ?"

ಸಾಫ್ಟ್‌ವೇರ್ ಯಾವುದು, ಲ್ಯಾಪ್‌ಟಾಪ್ ಯಾವುದು ಎಂದು ಕೇಳುವ ಹುಡುಗರು ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಬೇರೆಯವರ ಧ್ವನಿಮುದ್ರಿಕೆಯಿಂದ ಎತ್ತಿದ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಅದು ಉದ್ರಿ. ಉದ್ರಿ ತಪ್ಪಲ್ಲ, ಪುಸ್ತಕದಲ್ಲಿ ಬರೆಯದ ಉದ್ರಿ ತಪ್ಪು. 2000ದಲ್ಲಿ ಬಂದ ಮೋಜೊ ಜೋಡಿಯ 'ಲೇಡಿ' ಹಾಡಿನ ಗಿಟಾರ್, ಷಿಕ್ ತಂಡದ 1982ರ ಹಾಡೊಂದರದ್ದು. ಆದ್ದರಿಂದ 'ಲೇಡಿ'ಯ ರಚನಕಾರರ ಪಟ್ಟಿಯಲ್ಲಿ ಷಿಕ್‌ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಹೆಸರೂ ಇದೆ. ನಮ್ಮ ಹತ್ತಿರದ್ದೇ ಉದಾಹರಣೆ ಬೇಕಾದರೆ, 'ಮಂಜುಮ್ಮೆಲ್ ಬಾಯ್ಸ್' ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಬರುವ 'ಗುಣ' ಚಿತ್ರದ ಹಾಡಿಗಾಗಿ 2024ರಲ್ಲಿ ಇಳಯರಾಜ ಅವರ ಕಡೆಯಿಂದ ನಿರ್ಮಾಪಕರಿಗೆ ನೋಟಿಸ್ ಹೋಯಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಮೇಲಿನ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕಲಿಯುವಾಗ ಮನೆಯಲ್ಲಿ ಏನನ್ನಾದರೂ ಕತ್ತರಿಸಿ ನೋಡಬಹುದು. ಹೊರಗೆ ಬಿಡುವಾಗ ಮಾತ್ರ ಒಡೆಯ ಯಾರೆಂದು ಗೊತ್ತಿರಬೇಕು.

ಈಗ ಕೆಲಸಕ್ಕೆ ಬರೋಣ. ನಾನು ಬಳಸುವುದು ಎಲ್‌ಎಂಎಂಎಸ್ ಎಂಬ ಉಚಿತ ಸಾಫ್ಟ್‌ವೇರ್. ಹಳೆಯ ಲ್ಯಾಪ್‌ಟಾಪ್ ಸಾಕು, ಒಳ್ಳೆಯ ಹೆಡ್‌ಫೋನಿಗೆ ಮಾತ್ರ ಖರ್ಚು ಮಾಡಿ. ವೇಗವನ್ನು ನಿಮಿಷಕ್ಕೆ 120 ಬೀಟ್‌ಗೆ ಇಡಿ. ಒಂದು ಬೀಟಿಗೆ ಅರ್ಧ ಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್‌ಗೆ ಎರಡು ಸೆಕೆಂಡ್, ಲೆಕ್ಕಕ್ಕೆ ಸುಲಭ. ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ನಾಲ್ಕೂ ಬೀಟಿಗೆ. ಚಪ್ಪಾಳೆ ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ. ಎರಡು ಕಿಕ್‌ಗಳ ನಡುವಿನ ಖಾಲಿ ಜಾಗದಲ್ಲಿ ಹೈ-ಹ್ಯಾಟಿನ ತಾಳದಂಥ ಸದ್ದು. ಇಷ್ಟು ಹಾಕಿದರೆ ಗೋಡೆ ಎದ್ದಹಾಗೆ. ಮೇಲೆ ಒಂದೋ ಎರಡೋ ಬಾರಿನ ಲೂಪ್ ಕೂರಿಸಬೇಕು.

ಆಮೇಲೆ ಬರುವುದು ಫಿಲ್ಟರ್. ಪಕ್ಕದ ಮನೆಯಲ್ಲಿ ಮದುವೆ ಇದ್ದಾಗ ಗೋಡೆಯ ಈಚೆ ಕೂತವರಿಗೆ ಕೇಳುವುದು ಬರೀ 'ದುಂ ದುಂ'. ಬಾಗಿಲು ತೆರೆದ ಕೂಡಲೇ ಮಾತು, ನಗು, ಹಾಡು ಎಲ್ಲ ಒಟ್ಟಿಗೆ ನುಗ್ಗುತ್ತದೆ. ಲೋ-ಪಾಸ್ ಫಿಲ್ಟರ್ ಅದೇ ಬಾಗಿಲು. ಕಟಾಫ್ ಎಂಬ ಒಂದು ಗುಂಡಿಯನ್ನು ಹದಿನಾರು ಬಾರ್‌ಗಳ ಉದ್ದಕ್ಕೂ ನಿಧಾನವಾಗಿ ತಿರುಗಿಸುತ್ತ ಹೋದರೆ ಬಾಗಿಲು ಇಂಚು ಇಂಚಾಗಿ ತೆರೆಯುತ್ತದೆ. ಫ್ರೆಂಚ್ ಹೌಸಿನ ಅರ್ಧ ಆನಂದ ಇಷ್ಟರಲ್ಲೇ ಇದೆ. ಗಡಿಬಿಡಿ ಮಾಡಬಾರದು.

ಕೊನೆಯದು ಕಂಪ್ರೆಸರ್. ನನಗೆ ಗೊತ್ತಿದ್ದದ್ದು ಗಾಳಿಯ ಕಂಪ್ರೆಸರ್ ಮಾತ್ರ, ಇದು ಸದ್ದನ್ನು ಅದುಮುವಂಥದ್ದು. ಫ್ಲೋರಿನಲ್ಲಿ ದೊಡ್ಡ ಮೋಟರ್ ಸ್ಟಾರ್ಟ್ ಮಾಡಿದಾಗ ಟ್ಯೂಬ್‌ಲೈಟ್ ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗುತ್ತದಲ್ಲ, ಹಾಗೇ ಪ್ರತಿ ಕಿಕ್ ಬಿದ್ದಾಗಲೂ ಲೂಪಿನ ಸದ್ದು ತಗ್ಗಿ ಮತ್ತೆ ಏಳಬೇಕು. ಇದಕ್ಕೆ ಸೈಡ್‌ಚೈನ್ ಎನ್ನುತ್ತಾರೆ. ಎಲ್‌ಎಂಎಂಎಸ್‌ನಲ್ಲಿ ಪೀಕ್ ಕಂಟ್ರೋಲರ್ ಎಂಬುದನ್ನು ಕಿಕ್‌ನ ಚಾನೆಲ್ಲಿಗೆ ಹಾಕಿ, ಲೂಪಿನ ವಾಲ್ಯೂಮಿಗೆ ಜೋಡಿಸಿದರೆ ಆಗುತ್ತದೆ. ಅದು ಸರಿಯಾಗಿ ಕೂತಾಗ ಹಾಡು ಉಸಿರಾಡಿದ ಹಾಗೆ ಕೇಳುತ್ತದೆ. ನನಗೆ ಅದಕ್ಕೆ ಮೂರು ತಿಂಗಳು ಹಿಡಿಯಿತು.

ಹೀಗೆ ಉಪಕರಣ ಎಲ್ಲ ಕೈಗೆ ಬಂದ ಮೇಲೆ ಲೂಪ್ ಯಾವುದು ಎಂಬ ಪ್ರಶ್ನೆ ಬಂತು. ಅಮೆರಿಕದ ಡಿಸ್ಕೊ ನನ್ನದಲ್ಲ. ನನ್ನದು ಎನ್ನಬಹುದಾದ ಒಂದು ಕ್ಯಾಸೆಟ್ ಮನೆಯಲ್ಲಿತ್ತು. 1993ರಲ್ಲಿ ಮಾಮಿಯ, ಅಂದರೆ ಉಪ್ಪನ ತಂಗಿಯ, ಮದರಂಗಿ ರಾತ್ರಿ ಸೌದಿಯಿಂದ ಬಂದ ಟೇಪ್‌ರೆಕಾರ್ಡರಿನಲ್ಲಿ ಯಾರೋ ಹೆಂಗಸರು ಒಳಗಿನ ಕೋಣೆಯಲ್ಲಿ ತುಂಬಿಸಿದ್ದು. ಅದರಲ್ಲಿ ಅಜ್ಜಿ ಹಾಡಿದ್ದಾರೆ. ಬ್ಯಾರಿಯೂ ಮಲಯಾಳವೂ ಬೆರೆತ ಹಾಡು. ನಾವು ಗಂಡುಮಕ್ಕಳು ಆ ರಾತ್ರಿ ಹೊರಗಿನ ಚಾವಡಿಯಲ್ಲಿದ್ದೆವು, ನಮಗೆ ಕೇಳಿದ್ದು ಬರೀ ತಾಳ. ಅಜ್ಜಿ ತೀರಿ ವರ್ಷಗಳಾದವು. ಆ ಹಾಡುಗಳನ್ನು ಯಾರೂ ಬರೆದಿಟ್ಟಿಲ್ಲ. ಈಗ ಬ್ಯಾರಿಗೆ 2009ರಿಂದ ಅಕಾಡೆಮಿ ಉಂಟು, ಕನ್ನಡ ಲಿಪಿಯಲ್ಲಿ ಪುಸ್ತಕಗಳು ಬರುತ್ತವೆ. ನಮ್ಮ ಅಜ್ಜಿಯ ಹಾಡು ಮಾತ್ರ ಆ ಟೇಪಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಟೇಪನ್ನು ಲ್ಯಾಪ್‌ಟಾಪಿಗೆ ಇಳಿಸುವ ಮೊದಲೇ ಮಾಮಿಗೆ ಫೋನ್ ಮಾಡಿ ವಿಷಯ ಹೇಳಿದೆ. ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಮೋನೆ, ಉಮ್ಮ ಅದನ್ನು ನಮ್ಮ ಎದುರು ಹಾಡಿದ್ದು. ಗಂಡಸರು ಕೇಳುತ್ತಾರೆ ಅಂತ ಗೊತ್ತಿದ್ದರೆ ಬಾಯಿಯೇ ಬಿಡುತ್ತಿರಲಿಲ್ಲ. ಈಗ ಅವರನ್ನು ಕೇಳುವ ಹಾಗಿಲ್ಲ. ಸ್ವರ ಬೇಡ."

ನನ್ನ ತಲೆಯಲ್ಲಿ ವಾದ ಸಿದ್ಧವಿತ್ತು. ಈ ಹಾಡು ಉಳಿಯಬೇಕು, ಹೊಸ ಮಕ್ಕಳು ಕೇಳಬೇಕು, ಹಾಗಾದರೂ ಭಾಷೆ ಉಳಿಯುತ್ತದೆ ಎಂದೆಲ್ಲ. ಆದರೆ ಮಾಮಿಯ ಮಾತಿಗೆ ಅದು ಉತ್ತರ ಅಲ್ಲ ಎಂದು ನನಗೇ ಅನ್ನಿಸಿತು. ಹಾಡು ಉಳಿಸುವುದು ಒಂದು, ಊರಿಗೆಲ್ಲ ಕೇಳಿಸುವುದು ಇನ್ನೊಂದು. ಅಜ್ಜಿ ಕೊಟ್ಟದ್ದು ಯಾರಿಗೆ ಎಂದು ಗೊತ್ತಿರುವವರು ಆ ಕೋಣೆಯಲ್ಲಿದ್ದವರು ಮಾತ್ರ. "ಆಯ್ತು ಮಾಮಿ" ಎಂದೆ. ಆಮೇಲೆ, "ಚಪ್ಪಾಳೆ ಮಾತ್ರ ತೆಗೆದುಕೊಳ್ಳಬಹುದಾ?" ಎಂದು ಕೇಳಿದೆ.

"ಚಪ್ಪಾಳೆಯಲ್ಲಿ ಎಂತ ಉಂಟು?" ಎಂದು ನಕ್ಕರು. "ತೆಗೆದುಕೋ. ಅದು ಎಲ್ಲರದ್ದೂ."

ಟೇಪ್ ಇಳಿಸುವ ಕೆಲಸ ಮಾಮಿಯ ಮಗಳೇ ಮಾಡಿದಳು. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಒಂದು ವಯರ್, ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್, ಅಷ್ಟೇ. ಪೂರ್ತಿ ಹಾಡುಗಳು ಈಗ ಮಾಮಿಯ ಮನೆಯ ಹೆಂಗಸರ ಹತ್ತಿರ ಎರಡು ಪೆನ್‌ಡ್ರೈವ್‌ಗಳಲ್ಲಿವೆ. ಒಬ್ಬಳು ಸೊಸೆ ಅದನ್ನು ಕೇಳಿ ಕೇಳಿ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಾಳಂತೆ. ನನಗೆ ಬಂದದ್ದು ಸ್ವರ ಇಲ್ಲದ ಎಂಟು ಚಪ್ಪಾಳೆಗಳು.

ಅವನ್ನು ಎರಡನೇ, ನಾಲ್ಕನೇ ಬೀಟಿಗೆ ಕೂರಿಸಿದೆ. ಸಾಫ್ಟ್‌ವೇರಿನ ಚಪ್ಪಾಳೆ ಕತ್ತರಿಯ ಹಾಗೆ ಒಂದೇ ಸಲ ಬೀಳುತ್ತದೆ. ಇದು ಹಾಗಲ್ಲ. ಹತ್ತು ಹದಿನೈದು ಕೈಗಳು ಸ್ವಲ್ಪ ಹಿಂದೆ ಮುಂದೆ ಬೀಳುತ್ತವೆ, ಹಿಂದೆಯೇ ಗಾಜಿನ ಬಳೆಗಳ ಸದ್ದು. ಎಂಟೂ ಬೇರೆ ಬೇರೆ. ಲೂಪಿಗೆ ಊರಿನ ಹುಡುಗರು ನನಗಾಗಿಯೇ ಬಾರಿಸಿ ಕಳುಹಿಸಿದ ದಫ್ ಇದೆ, ಅದರ ಕೆಳಗೆ ನಮ್ಮ ನಿಟ್ಟಿಂಗ್ ಮಷಿನ್ ತಿರುಗುವ ಸದ್ದು, ಫಿಲ್ಟರ್ ಹಾಕಿ ಮೆತ್ತಗೆ ಮಾಡಿದ್ದು. ನಾಲ್ಕು ನಿಮಿಷದ ಈ ಹಾಡು ದೊಡ್ಡ ಸಾಧನೆ ಏನಲ್ಲ, ಬೇಸ್ ಇನ್ನೂ ಸ್ವಲ್ಪ ಕೆಸರು ಕೆಸರಾಗಿದೆ. ಹೆಸರುಗಳ ಪಟ್ಟಿಯಲ್ಲಿ ದಫ್‌ನ ಹುಡುಗರಿದ್ದಾರೆ. ಚಪ್ಪಾಳೆಗೆ ಯಾರ ಹೆಸರು ಹಾಕಲಿ ಎಂದು ಮಾಮಿಯನ್ನು ಕೇಳಿದರೆ, ಆ ರಾತ್ರಿ ಬಂದಿದ್ದ ನೆರೆಮನೆಯವರನ್ನು ಒಬ್ಬೊಬ್ಬರನ್ನಾಗಿ ನೆನಪಿಸಿಕೊಳ್ಳಲು ಶುರುಮಾಡಿದರು. ಕೊನೆಗೆ 'ಮದರಂಗಿ ರಾತ್ರಿಯ ಹೆಂಗಸರು' ಎಂದು ಹಾಕು ಎಂದರು, ಹಾಗೇ ಹಾಕಿದ್ದೇನೆ.

ಕಲಿಯಬೇಕೆಂದಿರುವ ಹುಡುಗರೇ, ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಕ್ಯಾಸೆಟ್ ಇರಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿಯುತ್ತದೆ, ಇನ್ನೊಂದು ಮಳೆ ಕಾಯಬೇಡಿ. ಅದನ್ನು ಇಳಿಸಿಕೊಡುವುದು ಹೇಗೆಂದು ನಾನು ಹೇಳಿಕೊಡುತ್ತೇನೆ. ಆದರೆ ಪ್ಲೇ ಒತ್ತುವ ಮೊದಲು ಅದರಲ್ಲಿ ಯಾರ ಸ್ವರ ಇದೆ ಎಂದು ಮನೆಯ ಹೆಂಗಸರನ್ನು ಕೇಳಿ. ಬೇಡ ಎಂದರೆ ಕ್ಯಾಸೆಟ್ ಮತ್ತು ವಯರ್ ಅವರ ಕೈಗೇ ಕೊಟ್ಟು, ಹೊರಗಿನ ಚಾವಡಿಯಲ್ಲಿ ಕೂತುಕೊಳ್ಳಿ.