ಸುರುಳಿಗಳ ಜೀರ್ಣೋದ್ಧಾರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಶಿಲಾಸ್ತಂಭವನ್ನು ಕಂಡವರು, ಕಾಲವನ್ನು ಗೆದ್ದ ಬರಹವೊಂದಿದ್ದರೆ ಅದು ಇದೇ ಎಂದುಕೊಳ್ಳುವುದು ಸಹಜ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜಕವಿಯ ಕಾವ್ಯವನ್ನು ಮೈಮೇಲೆ ಧರಿಸಿದ ಆ ಕಲ್ಲು ಸುಮಾರು ಹದಿನೈದು ನೂರು ವರ್ಷಗಳ ಮಳೆ ಬಿಸಿಲುಗಳನ್ನು ಸಹಿಸಿದೆ. ಆದರೂ ಬಿ. ಎಲ್. ರೈಸ್ ಮಹಾಶಯರು ಅದರ ಪ್ರತಿ ತೆಗೆಯಿಸದೆ ಬಿಡಲಿಲ್ಲ. ಶಿಕಾರಿಪುರದ ಶಾಸನಗಳು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದವು 1904ರಲ್ಲಿ ಎಂಟನೆಯ ಸಂಪುಟದಲ್ಲಿಯೂ ಅಚ್ಚಾದುವು. ಕಲ್ಲಿಗೇ ಪ್ರತಿ ಬೇಕಾದ ಮೇಲೆ ತಾಳೆಯೋಲೆಯ ಮಾತೇನು? ಓಲೆ ಶಿಥಿಲವಾಗುವುದಕ್ಕೆ ಮೊದಲೇ ಗ್ರಂಥವನ್ನು ಹೊಸ ಓಲೆಗೆ ಇಳಿಸುವುದು ಪೂರ್ವಿಕರ ಗೃಹಕೃತ್ಯಗಳಲ್ಲಿ ಒಂದಾಗಿತ್ತು. ಅದೇ ಕೃತ್ಯ ಈಗ ಬೇರೊಂದು ವೇಷದಲ್ಲಿ ಮನೆಗಳಿಗೆ ಮರಳಿ ಬಂದಿದೆ. ಈಗ ಪ್ರತಿಯಾಗಬೇಕಾದುವು ಹಳೆಯ ವಿಡಿಯೋ ಕ್ಯಾಸೆಟ್ಟುಗಳು.

ಸೊರಬ ಸೀಮೆಯ ಒಂದು ಅಡಕೆತೋಟದ ಮನೆಯಲ್ಲಿ ಅಂಥವು ಹನ್ನೊಂದು ಇದ್ದುವು. ಅವುಗಳಲ್ಲಿ ಒಂದು, ಶಿಕಾರಿಪುರಕ್ಕೆ ಕೊಟ್ಟ ಹಿರಿಯ ಮಗಳ ಮದುವೆಯದು, 1992ನೆಯ ಇಸವಿಯದು. ಆ ಮದುವೆಯ ಸಂಜೆಯ ಆರತಿಯಲ್ಲಿ ಮನೆಯ ಯಜಮಾನಿ ಹಾಡಿದ್ದರು. ಆಕೆ ತೀರಿಕೊಂಡ ಬಳಿಕ ಹುಟ್ಟಿದ ಮೊಮ್ಮಗಳಿಗೆ ಅಮ್ಮಮ್ಮನ ಭಾವಚಿತ್ರದ ಪರಿಚಯವಿತ್ತೇ ಹೊರತು ದನಿಯ ಪರಿಚಯವಿರಲಿಲ್ಲ. ಆ ದನಿ ಇದ್ದುದು ಆ ಒಂದು ಸುರುಳಿಯಲ್ಲಿ ಮಾತ್ರ. ಹುಡುಗಿ ಅದರ ಪ್ರತಿ ತೆಗೆಯಲು ಹೊರಟಳು.

ಪೇಟೆಯ ಅಂಗಡಿಯವರು ಕ್ಯಾಸೆಟ್ಟಿಗೆ ಇಷ್ಟೆಂದು ದರ ಹೇಳಿದರು. ಕೊಳೆರೋಗದಿಂದ ಫಸಲು ಕೈಬಿಟ್ಟ ವರ್ಷ. ಹನ್ನೊಂದಕ್ಕೆ ಅಷ್ಟು ಹಣ ತೆರುವುದು ಮನೆಗೆ ಭಾರವೇ. ಚಿಕ್ಕಪ್ಪನಂತೂ, “ಅವೆಲ್ಲ ಹಾಳಾಗಿರುತ್ತವೆ ಮಗಳೇ, ಸುಮ್ಮನೆ ದುಡ್ಡು ದಂಡ” ಎಂದನು. ಆತನ ಮಾತಿನಲ್ಲಿ ಮಿತವ್ಯಯಕ್ಕಿಂತ ಹೆಚ್ಚಿನದೇನೋ ಇದ್ದಿತು. ಆದರೆ ಅದು ಆಗ ಯಾರಿಗೂ ತಿಳಿಯಲಿಲ್ಲ.

ಕ್ಯಾಸೆಟ್ಟಿನ ಒಳಗಿರುವುದು ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತಗುಣವುಳ್ಳ ಲೋಹದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಲೇಪಿಸಿರುವರು. ಚಿತ್ರವೂ ದನಿಯೂ ಆ ಪುಡಿಯಲ್ಲಿಯೇ ಅಡಗಿರುವುವು. ತೇವ ಸೇರಿದರೆ ಅಂಟು ಕೆಡುವುದು, ಬೂಷ್ಟು ಹಿಡಿಯುವುದು. ಆ ಮನೆಯಲ್ಲಿ ಗೌರವದಿಂದ ಕಬ್ಬಿಣದ ಬೀರುವಿನಲ್ಲಿಟ್ಟ ನಾಲ್ಕಕ್ಕೆ ಬಿಳಿಯ ಬೂಷ್ಟು ಬಂದಿದ್ದಿತು. ಅಡಿಗೆಮನೆಯ ಅಟ್ಟದ ಮೇಲೆ ಅಲಕ್ಷ್ಯದಿಂದ ಎಸೆದಿದ್ದ ಏಳು ಒಣಗಿ ಉಳಿದುಕೊಂಡಿದ್ದುವು. ಸುರುಳಿಗೆ ಅತಿಯಾದ ಶಾಖವೂ ಶತ್ರುವೇ. ಆದರೆ ಮಲೆನಾಡಿನ ಮಳೆಗಾಲದ ಮುಂದೆ ಅದು ಸಣ್ಣ ಶತ್ರು. ಮದುವೆಯ ಕ್ಯಾಸೆಟ್ಟು ಅಟ್ಟದ ಏಳರಲ್ಲಿ ಒಂದಾಗಿದ್ದುದು ಪುಣ್ಯ. ಬೂಷ್ಟಿನವನ್ನು ಹುಡುಗಿ ಮುಟ್ಟದೆ ಬೇರೆಯಾಗಿ ಇಟ್ಟಳು. ಅಂಥದನ್ನು ಯಂತ್ರಕ್ಕೆ ಹಾಕಿದರೆ ಸುರುಳಿ ಹರಿಯಬಹುದು, ಯಂತ್ರದ ತಲೆಯೂ ಕೆಟ್ಟು ಬೂಷ್ಟು ಉಳಿದವಕ್ಕೂ ಹರಡಬಹುದು. ಕೈಯಲ್ಲಿರುವ ಹಣ ಅಲ್ಪವಾದಾಗ ಆ ನಾಲ್ಕನ್ನು ಮಾತ್ರ ತಿಳಿದವರಿಗೆ ಒಪ್ಪಿಸಿ, ಉಳಿದುವನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ವಿವೇಕ.

ಇನ್ನು ಯಂತ್ರ. 1976ರಲ್ಲಿ ಜಪಾನಿನ ಜೆವಿಸಿ ಕಂಪೆನಿಯವರು ಹೊರತಂದ ಈ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಫುನಾಯಿ ಕಂಪೆನಿ 2016ರ ಜುಲೈಯಲ್ಲಿ ಕೈಬಿಟ್ಟಿತು. ಹೊಸತು ದೊರೆಯದು; ಹಳೆಯದನ್ನು ಬಂಧುಗಳಲ್ಲಿ ಹುಡುಕಬೇಕು. ಶಿಕಾರಿಪುರದ ಅತ್ತೆಯ ಮನೆಯಲ್ಲಿಯೇ ಒಂದು ಬಟ್ಟೆಯ ಮುಸುಕಿನಡಿ ಸಿಕ್ಕಿತು. ವಿದ್ಯುತ್ತಿನ ತಂತಿ ಕಿತ್ತು, ತಿರುಗುವ ಉರುಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯ್ದ ನಯವಾದ ಚರ್ಮದ ತುಂಡಿನಿಂದ ಅಡ್ಡಕ್ಕೆ ಮಾತ್ರ ಒರೆಸಿದರು; ಮೇಲಕ್ಕೂ ಕೆಳಕ್ಕೂ ಒರೆಸಿದರೆ ಅದರ ಸೂಕ್ಷ್ಮ ತಲೆಗಳು ಮುರಿಯುವುವು. ಹಳದಿ ತಂತಿ ಚಿತ್ರಕ್ಕೆ, ಬಿಳಿ ಕೆಂಪುಗಳು ದನಿಗೆ. ಆ ಮೂರನ್ನೂ ಗಣಕಯಂತ್ರಕ್ಕೆ ಸೇರಿಸುವ ಬೆರಳುದ್ದದ ಸಾಧನವೊಂದನ್ನು ಕೊಂಡದ್ದೇ ಖರ್ಚು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು. ಚಿತ್ರವನ್ನು ಹಿಡಿದಿಡುವ ಓಬಿಎಸ್ ಎಂಬ ತಂತ್ರಾಂಶಕ್ಕೆ ಬೆಲೆಯಿಲ್ಲ.

ಮೊದಲ ಕ್ಯಾಸೆಟ್ಟಾಗಿ ಮದುವೆಯದನ್ನೇ ಎತ್ತಿಕೊಂಡಳು. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ತುಣುಕುಂಟು. ಅದನ್ನು ಮುರಿದರೆ ಆ ಸುರುಳಿಯ ಮೇಲೆ ಮತ್ತೆ ಮುದ್ರಿಸಲಾಗದು. ಇದರಲ್ಲಿ ತುಣುಕನ್ನು ಮುರಿದಿದ್ದರು. ಆದರೆ ಆ ಕಿಂಡಿಗೆ ಯಾರೋ ಅಂಟುಪಟ್ಟಿ ಹಚ್ಚಿ ಮುಚ್ಚಿದ್ದರು. ಹುಡುಗಿ ಅದನ್ನು ತೋರಿಸಿ, “ಇದೇಕೆ ಚಿಕ್ಕಪ್ಪ?” ಎಂದು ಕೇಳಿದಳು. ಆತ ಬಹಳ ಹೊತ್ತು ಮಾತಾಡಲಿಲ್ಲ. ಹದಿಮೂರು ವರ್ಷದ ಹುಡುಗನಾಗಿದ್ದಾಗ, ಬಾಡಿಗೆಗೆ ತಂದ ಯಂತ್ರದಲ್ಲಿ ದೂರದರ್ಶನದ ಸಿನಿಮಾ ಒಂದನ್ನು ಹಿಡಿಯುವ ಆಸೆಯಿಂದ, ಕೈಗೆ ಸಿಕ್ಕಿದ ಕ್ಯಾಸೆಟ್ಟಿನ ಕಿಂಡಿ ಮುಚ್ಚಿದವನು ಆತನೇ. ಅದು ಅಕ್ಕನ ಮದುವೆಯದೆಂದು ತಿಳಿದದ್ದು ಆಮೇಲೆ. ಅಂದಿನಿಂದ ಅದನ್ನು ಅಟ್ಟದ ಮೂಲೆಗೆ ಒತ್ತಿದ್ದನು, ಯಾರಿಗೂ ಹೇಳಿರಲಿಲ್ಲ.

ಪಟ್ಟಿಯನ್ನು ಕಿತ್ತು, ಸುರುಳಿಯನ್ನು ಒಮ್ಮೆ ಕೊನೆಯ ತನಕ ಸುತ್ತಿ ಹಿಂದಕ್ಕೆ ತಂದು, ಹಾಕಿದರು. ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೂರು ಗಂಟೆಯ ಸುರುಳಿಗೆ ಮೂರು ಗಂಟೆಯೇ ಬೇಕು. ಎರಡೂವರೆ ಗಂಟೆ ಸಿನಿಮಾ ಓಡಿತು. ಚಿಕ್ಕಪ್ಪ ಎದ್ದುಹೋಗದೆ ಕುಳಿತಿದ್ದನು. ಬಳಿಕ ಪರದೆ ನಡುಗಿತು, ಹಿಮ ಸುರಿದಂತಾಯಿತು. ಅನಂತರ ದೀಪಗಳು, ಹಸೆಯ ಮೇಲೆ ವಧೂವರರು, ಹರಿವಾಣ ಹಿಡಿದ ಹೆಂಗಸರು. ಹಾಡು ಮೊದಲಾಯಿತು. ನಾಲ್ಕು ನಿಮಿಷ, ನಡುವೆ ಒಂದು ಕೆಮ್ಮು.

ಪ್ರತಿಯನ್ನು ಚಿತ್ರದ ಮೂಲ ಆಕಾರದಲ್ಲಿಯೇ ಉಳಿಸಿದರು. ಹೊಸ ಪರದೆಯ ಅಗಲಕ್ಕೆ ಎಳೆದರೆ ಮುಖಗಳು ಚಪ್ಪಟೆಯಾಗುವುವು. ಗಂಟೆಗೆ ಮೂರು ನಾಲ್ಕು ಜಿಬಿ ಸ್ಥಳ ಹಿಡಿಯಿತು. ಒಂದು ಪ್ರತಿ ಮನೆಯಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಶಿಕಾರಿಪುರದಲ್ಲಿ. ಕ್ಯಾಸೆಟ್ಟನ್ನು ಎಸೆಯಲಿಲ್ಲ, ಡಿಸ್ಕುಗಳೂ ಓಲೆಗಳಂತೆಯೇ ಸವೆಯತಕ್ಕವು, ಕೆಲವು ವರ್ಷಗಳಿಗೊಮ್ಮೆ ಅವನ್ನೂ ಪ್ರತಿ ಮಾಡಬೇಕು.

ಯಂತ್ರವನ್ನು ಹಿಂದಿರುಗಿಸಲು ಚಿಕ್ಕಪ್ಪನೇ ಶಿಕಾರಿಪುರಕ್ಕೆ ಹೋದನು. ನಡೆದುದನ್ನೆಲ್ಲ ಹೇಳಿ ತಲೆ ತಗ್ಗಿಸಿದನು. ಅಕ್ಕ ಹಾಡನ್ನು ಎರಡು ಸಲ ಕೇಳಿದರು. “ಮದುವೆ ನನಗೆ ನೆನಪಿದೆ ಕಣೋ,” ಎಂದರು. “ಅಮ್ಮನ ದನಿಯೇ ಮರೆತುಹೋಗಿತ್ತು.”