ಕಡಲಿಲ್ಲದ ಪಟ್ಟಣದ ಕಡಲ ತಕರಾರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಈ ನಾಲ್ಕೂ ತಾಲ್ಲೂಕುಗಳ ಮಕ್ಕಳು ಸಮುದ್ರ ನೋಡಬೇಕಾದರೆ ಶಾಲಾ ಪ್ರವಾಸದ ಬಸ್ಸು ಹತ್ತಲೇಬೇಕು. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 200 ಕಿಲೋಮೀಟರ್. ನಡುವೆ ಪಶ್ಚಿಮ ಘಟ್ಟದ ಗೋಡೆ ಬೇರೆ. ಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯೂ ಆ ಕಡೆ ತಿರುಗುವುದಿಲ್ಲ. ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಇಂಥ ಊರಿನ ದೊರೆ ಒಮ್ಮೆ ಅರ್ಧ ರಾಜ್ಯವನ್ನೇ ಕಳೆದುಕೊಂಡದ್ದು ಮಲಬಾರಿನ ಕಡಲಂಚಿನಲ್ಲಿದ್ದ ಎರಡು ಪುಟ್ಟ ಕೋಟೆಗಳ ತಕರಾರಿನಲ್ಲಿ ಎಂದರೆ ಮಕ್ಕಳು ನಂಬುವುದಿಲ್ಲ.

ಪಠ್ಯಪುಸ್ತಕದಲ್ಲಿ ಇದು ಒಂದು ಸಾಲಿನ ಸಂಗತಿ. ‘ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವೇನು?’ ‘ಟಿಪ್ಪು ಸುಲ್ತಾನ ತಿರುವಾಂಕೂರಿನ ಮೇಲೆ ದಾಳಿ ಮಾಡಿದ್ದು.’ ಅಲ್ಲಿಗೆ ಉತ್ತರವೂ ಮುಗಿಯಿತು, ಅಂಕವೂ ಬಂತು. ಆದರೆ ಮೈಸೂರಿನ ದೊರೆ ಅಷ್ಟು ದೂರದ ತಿರುವಾಂಕೂರಿನ ಗಡಿಗೆ ಹೋದದ್ದೇಕೆ?

ಕಥೆ 1763ರಿಂದ ಶುರುವಾಗುತ್ತದೆ. ಆ ವರ್ಷ ಹೈದರಾಲಿ ಬಿದನೂರನ್ನು ಗೆದ್ದ. ಕೆಳದಿ ನಾಯಕರ ರಾಜ್ಯ ಕೈಗೆ ಬಂದದ್ದೇ ತಡ, ಮಂಗಳೂರು, ಹೊನ್ನಾವರದಂಥ ಬಂದರುಗಳೂ ಬಂದವು. ಅಲ್ಲಿಯವರೆಗೆ ಬಯಲುಸೀಮೆಯ ರಾಜ್ಯವಾಗಿದ್ದ ಮೈಸೂರಿಗೆ ಕಡಲ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಹೊರಗೆ ಇಣುಕದೆ ಇರುವವರುಂಟೇ? ದಕ್ಷಿಣಕ್ಕೆ ಮಲಬಾರು ಇತ್ತು. ಅದರ ಮೆಣಸಿನ ವ್ಯಾಪಾರವಿತ್ತು. ಜೊತೆಗೆ ಒಂದು ಹಳೆಯ ಬಾಕಿಯೂ ಇತ್ತು. 1757ರಲ್ಲಿ ಪಾಲಕ್ಕಾಡಿನ ಅರಸನ ಸಹಾಯಕ್ಕೆ ಹೈದರನ ಸೈನ್ಯ ಹೋಗಿದ್ದಾಗ ಕಲ್ಲಿಕೋಟೆಯ ಸಾಮೂತಿರಿ 12 ಲಕ್ಷ ರೂಪಾಯಿ ಕೊಡುವುದಾಗಿ ಒಪ್ಪಿ ರಾಜಿಯಾಗಿದ್ದ. ಹಣ ಮಾತ್ರ ಕೊಡಲಿಲ್ಲ. 1766ರಲ್ಲಿ ಹೈದರ್ ಆ ಬಾಕಿಯನ್ನು ಮುಂದಿಟ್ಟುಕೊಂಡೇ ಮಲಬಾರಿಗೆ ಇಳಿದ. ಕಲ್ಲಿಕೋಟೆ ಬಿತ್ತು. ಕೊಚ್ಚಿಯ ಅರಸ ಯುದ್ಧದ ಗೊಡವೆಯೇ ಬೇಡವೆಂದು ಕಪ್ಪ ಕೊಡಲು ಒಪ್ಪಿದ.

ಈ ಕಪ್ಪವೇ ಮುಂದೆ ತಕರಾರಿನ ಬೀಜವಾಯಿತು. ಕೊಚ್ಚಿಯ ಉತ್ತರಕ್ಕೆ, ಪೆರಿಯಾರ್ ಕಡಲು ಸೇರುವಲ್ಲಿ, ಕೊಡುಂಗಲ್ಲೂರು ಮತ್ತು ಆಯಕೋಟ್ಟ ಎಂಬ ಎರಡು ಕೋಟೆಗಳಿದ್ದವು. ಅವು ಡಚ್ಚರ ವಶದಲ್ಲಿದ್ದವು. 1662ರಲ್ಲಿ ಕೊಡುಂಗಲ್ಲೂರನ್ನು ಡಚ್ಚರು ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. 1789ರ ಹೊತ್ತಿಗೆ ಡಚ್ಚರ ಕೈ ಸೋತಿತ್ತು. ಮೈಸೂರಿನ ಸೈನ್ಯ ಎದುರಿಗೆ ಬಂದರೆ ಕೋಟೆ ಉಳಿಯುವುದಿಲ್ಲವೆಂದು ಗೊತ್ತಿದ್ದ ಅವರು ಆ ವರ್ಷದ ಜುಲೈ ಕೊನೆಯಲ್ಲಿ ಎರಡನ್ನೂ ತಿರುವಾಂಕೂರಿನ ರಾಮವರ್ಮ ಮಹಾರಾಜನಿಗೆ ಮೂರು ಲಕ್ಷ ರೂಪಾಯಿಗೆ ಮಾರಿಬಿಟ್ಟರು.

ಟಿಪ್ಪು ಸಿಡಿದೆದ್ದ. ‘ಕೋಟೆ ಇರುವ ನೆಲ ಕೊಚ್ಚಿಯದು. ಕೊಚ್ಚಿ ನನಗೆ ಕಪ್ಪ ಕೊಡುವ ಸಂಸ್ಥಾನ. ನನ್ನ ಅಧೀನದ ನೆಲವನ್ನು ಮಾರಲು ಡಚ್ಚರು ಯಾರು?’ ಎಂಬುದು ಅವನ ವಾದದ ತಿರುಳು. ‘ಯುದ್ಧದಲ್ಲಿ ಗೆದ್ದ ನೆಲ, ನಮ್ಮ ಇಷ್ಟ’ ಎಂಬುದು ಡಚ್ಚರದು. ‘ಹಣ ಕೊಟ್ಟು ಕೊಂಡಿದ್ದೇನೆ’ ಎಂಬುದು ತಿರುವಾಂಕೂರಿನದು. ಪಾಂಡವಪುರ, ನಾಗಮಂಗಲದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ದಿನವೂ ನಡೆಯುವ ಮಾತೇ ಇದು: ಒಬ್ಬ ಅನುಭವದಲ್ಲಿದ್ದವನು, ಒಬ್ಬ ಕ್ರಯಪತ್ರ ಹಿಡಿದವನು, ಇನ್ನೊಬ್ಬ ‘ನಮ್ಮ ಅಪ್ಪನ ಕಾಲದಿಂದ ಗುತ್ತಿಗೆ ಬರುತ್ತಿತ್ತು’ ಎನ್ನುವವನು.

ಹಾಗೆ ನೋಡಿದರೆ ಟಿಪ್ಪುವಿನ ವಾದದಲ್ಲಿ ಹುರುಳೇ ಇರಲಿಲ್ಲವೆನ್ನಲಾಗದು. ಮಾರಾಟವನ್ನು ಮದರಾಸಿನ ಕಂಪನಿ ಗವರ್ನರ್ ಜಾನ್ ಹಾಲೆಂಡ್ ಕೂಡ ಮೆಚ್ಚಿರಲಿಲ್ಲ. ಆದರೆ ಕಪ್ಪ ಕೊಡುವವನ ಹಿತ್ತಲೆಲ್ಲ ಕಪ್ಪ ಪಡೆಯುವವನದೆಂದು ಸಾಧಿಸುವುದು ಕಷ್ಟ. 127 ವರ್ಷ ಡಚ್ಚರ ಕೈಯಲ್ಲಿದ್ದ ಕೋಟೆಯ ಮೇಲೆ 1766ರ ಕಪ್ಪ ತೋರಿಸಿ ಹಕ್ಕು ಸ್ಥಾಪಿಸುವುದು ಇನ್ನೂ ಕಷ್ಟ. ಮೇಲಾಗಿ 1784ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರಿನ ಅರಸ ಕಂಪನಿಯ ಮಿತ್ರನೆಂದು ಬರೆದಿತ್ತು. ಆ ಕಾಗದಕ್ಕೆ ಟಿಪ್ಪುವೂ ಒಪ್ಪಿದ್ದ.

1789ರ ಡಿಸೆಂಬರ್ 29ರಂದು ಅವನ ಸೈನ್ಯ ‘ನೆಡುಂಕೋಟ್ಟ’ದ ಮೇಲೆ ಬಿತ್ತು. ಕಡಲಂಚಿನಿಂದ ಆನೆಮಲೆಯ ಕಡೆಗೆ ಸುಮಾರು 30 ಮೈಲಿ ಹಬ್ಬಿದ್ದ ತಿರುವಾಂಕೂರಿನ ಗಡಿಗೋಡೆ ಅದು. ಆ ದಿನ ಸೋತು ಹಿಂದೆ ಸರಿಯಬೇಕಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಗೋಡೆ ಒಡೆದು ಒಳನುಗ್ಗಿದರೂ ಅಷ್ಟರಲ್ಲಿ ಕಾರ್ನ್‌ವಾಲಿಸ್ ಯುದ್ಧಕ್ಕೆ ಸಿದ್ಧನಾಗಿದ್ದ. ಮರಾಠರೂ ನಿಜಾಮನೂ ಅವನ ಜೊತೆ ಸೇರಿದರು. ಗೆದ್ದ ಕೋಟೆಗಳನ್ನು ಬಿಟ್ಟು ಟಿಪ್ಪು ಹಿಂದಿರುಗಿದ.

ಇನ್ನು ಮುಂದಿನದು ನಮ್ಮ ಊರುಗಳ ಕಥೆ. ಪೆರಿಯಾರ್ ತೀರದ ತಕರಾರಿಗೆ ದಂಡ ತೆತ್ತದ್ದು ಕಾವೇರಿ, ಹೇಮಾವತಿ, ಲೋಕಪಾವನಿ ತೀರದ ಹಳ್ಳಿಗಳು. 1791ರ ಮೇ 15ರಂದು ಕರಿಘಟ್ಟದ ಆಸುಪಾಸಿನಲ್ಲಿ ಅರಕೆರೆ ಕಾಳಗ ನಡೆಯಿತು. ಶತ್ರುವಿಗೆ ಹಿಡಿ ಮೇವೂ ಸಿಗಬಾರದೆಂದು ಟಿಪ್ಪು ಸುತ್ತಲ ಸೀಮೆಯನ್ನು ತಾನೇ ಬರಿದು ಮಾಡಿಸಿದ್ದ. ಗೆದ್ದ ಕಾರ್ನ್‌ವಾಲಿಸ್‌ಗೂ ಮೇವಿಲ್ಲ. ಎತ್ತುಗಳು ರೋಗದಿಂದ ರಾಶಿರಾಶಿಯಾಗಿ ಸತ್ತವು. ಕನ್ನಂಬಾಡಿಯವರೆಗೆ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಒಡೆದುಹಾಕಿ ಆತ ಹಿಂದೆಗೆದ. ಮೇಲುಕೋಟೆಯ ಹತ್ತಿರ ಮರಾಠಾ ದಂಡು ಬಂದು ಕೂಡಿಕೊಂಡಿತು. ಆ ದಂಡು ಈ ನೆಲಕ್ಕೆ ಹೊಸದೇನಲ್ಲ; 1771ರ ಮಾರ್ಚಿಯಲ್ಲಿ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ಹೈದರನನ್ನೇ ಸೋಲಿಸಿತ್ತು.

1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸ್ ಮತ್ತೆ ಬಂದು ಬೀಡುಬಿಟ್ಟದ್ದು ಹಿರೋಡೆಯಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ. ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ತಂಗುತ್ತಿದ್ದ ಆ ಬಂಡೆಗಳಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತ್ತು. ಮಾರನೆಯ ರಾತ್ರಿ ಅಲ್ಲಿಂದಲೇ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಯಿತು. ಅದೇ ವರ್ಷ ಮರಾಠರು ನಾಗಮಂಗಲವನ್ನು ಹಾಳುಗೆಡವಿದರು. ಅತ್ತಿಗುಪ್ಪೆಯ, ಅಂದರೆ ಈಗಿನ ಕೆ.ಆರ್.ಪೇಟೆಯ ರೈತನಿಗಾಗಲಿ, ನಾಗಮಂಗಲದ ತೋಟದವನಿಗಾಗಲಿ ಕೊಡುಂಗಲ್ಲೂರು ಎಲ್ಲಿದೆಯೆಂದೇ ಗೊತ್ತಿರಲಿಕ್ಕಿಲ್ಲ. ಮಾರ್ಚಿಯಲ್ಲಿ ಒಪ್ಪಂದವಾಯಿತು. ಅರ್ಧ ರಾಜ್ಯ, ಮೂರು ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು. ಮಲಬಾರು ಕಂಪನಿಯ ಪಾಲಾಯಿತು.

ಇಲ್ಲೊಂದು ವಿಚಿತ್ರವಿದೆ. ಕಡಲಿನ ಹಕ್ಕಿಗಾಗಿ ಬಡಿದಾಡಿದ ಮೈಸೂರಿಗೆ ಹೇಳಿಕೊಳ್ಳುವಂಥ ನೌಕಾಬಲ ನಿಲ್ಲಲೇ ಇಲ್ಲ. ಹೈದರ್ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲೇ ಅಡ್ಮಿರಲ್ ಹ್ಯೂಸ್ ನಾಶಮಾಡಿದ. ಟಿಪ್ಪು ನೌಕಾಪಡೆಗೆಂದೇ ಪ್ರತ್ಯೇಕ ಆಡಳಿತ ಮಂಡಳಿ ನೇಮಿಸಿ, ಸುಮಾರು 40 ಯುದ್ಧನೌಕೆಗಳ ಯೋಜನೆ ಹಾಕಿದ್ದು 1796ರಲ್ಲಿ. ಆಗ ಉಳಿದಿದ್ದದ್ದು ಮೂರೇ ವರ್ಷ. ಮೊದಲು ಹಡಗು, ಆಮೇಲೆ ಹಕ್ಕು ಎಂಬ ಯುರೋಪಿನವರ ಕ್ರಮ ಇಲ್ಲಿ ತಲೆಕೆಳಗಾಗಿತ್ತು.

ಇಂದು ದಕ್ಷಿಣ ಚೀನಾ ಸಮುದ್ರದಲ್ಲಿ ನಡೆಯುತ್ತಿರುವುದನ್ನು ಓದುವಾಗ ಮಕ್ಕಳು ಇದನ್ನು ನೆನೆಯಬಹುದು. ಅಲ್ಲಿಯೂ ಬೆಳೆಯುತ್ತಿರುವ ದೊಡ್ಡ ಶಕ್ತಿ ಒಂದಿದೆ, ಅಕ್ಕಪಕ್ಕದಲ್ಲಿ ಸಣ್ಣವರಿದ್ದಾರೆ, ಹಳೆಯ ಕಾಗದಗಳಿವೆ. 1947ರ ಒಂದು ನಕ್ಷೆಯಿಂದ ಬಂದ ತುಂಡುಗೆರೆಗಳನ್ನು ತೋರಿಸಿ ಚೀನಾ ಆ ಸಮುದ್ರದ ಬಹುಭಾಗವನ್ನು ತನ್ನದೆನ್ನುತ್ತದೆ. ಫಿಲಿಪ್ಪೀನ್ಸ್, ವಿಯೆಟ್ನಾಂ, ಮಲೇಷ್ಯಾ, ಬ್ರೂನೈ ದೇಶಗಳು ಒಪ್ಪುವುದಿಲ್ಲ. ಒಂದು ವ್ಯತ್ಯಾಸವೆಂದರೆ ಚೀನಾದ ಹತ್ತಿರ ಹಡಗುಗಳು ಧಾರಾಳವಾಗಿವೆ.

ಇನ್ನೊಂದು ವ್ಯತ್ಯಾಸ ಅಳತೆಗೋಲಿನದು. ಟಿಪ್ಪುವಿನ ಕಾಲದ ಯುರೋಪಿನಲ್ಲಿ ದಡದ ಮೇಲಿನ ಫಿರಂಗಿಯ ಗುಂಡು ಹೋಗುವಷ್ಟು ದೂರದ ಕಡಲು ಆ ದೇಶದ್ದು ಎಂಬ ಲೆಕ್ಕವಿತ್ತು. ಅದೇ ಮೂರು ಮೈಲಿ ಎಂದು ರೂಢಿಗೆ ಬಂತು. 1982ರ ವಿಶ್ವಸಂಸ್ಥೆಯ ಕಡಲ ಕಾನೂನಿನ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ ಆ ದೇಶದ ನೆಲವಿದ್ದಂತೆಯೇ. 200 ನಾಟಿಕಲ್ ಮೈಲಿಯವರೆಗಿನ ಮೀನು, ಎಣ್ಣೆ, ಅನಿಲದ ಮೇಲೂ ಅದಕ್ಕೇ ಹಕ್ಕು. ಒಂದು ನಾಟಿಕಲ್ ಮೈಲಿ ಎಂದರೆ 1852 ಮೀಟರ್, ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು ಭಾಗ. 200 ಮೈಲಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಎಂಟನೇ ತರಗತಿಯವರು ಗುಣಿಸಿ ನೋಡಲಿ. ಹಾಗೆಯೇ, ಭರತದಲ್ಲಿ ಮುಳುಗುವ ದಿಬ್ಬಕ್ಕೆ ಮರಳು ಸುರಿದು ಎತ್ತರಿಸಿದರೆ ಅದು ಕಾನೂನಿನ ಕಣ್ಣಿಗೆ ದ್ವೀಪವಾಗುವುದಿಲ್ಲ. ನಿಸರ್ಗ ತಾನೇ ಮಾಡಿರಬೇಕು. ಫಿಲಿಪ್ಪೀನ್ಸ್ ಹೂಡಿದ್ದ ದಾವೆಯಲ್ಲಿ 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ತುಂಡುಗೆರೆಯೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ.

ದೊಡ್ಡವರು ಒಪ್ಪಿದ ಉದಾಹರಣೆಯೂ ನಮ್ಮ ಮನೆಯಲ್ಲೇ ಇದೆ. ಬಂಗಾಳ ಕೊಲ್ಲಿಯಲ್ಲಿ ಭಾರತ, ಬಾಂಗ್ಲಾದೇಶಗಳ ನಡುವೆ ವಿವಾದದಲ್ಲಿದ್ದದ್ದು ಸುಮಾರು 25,602 ಚದರ ಕಿ.ಮೀ. ಕಡಲು. 2014ರ ಜುಲೈನಲ್ಲಿ ತೀರ್ಪು ಬಂದಾಗ ಅದರಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಒಪ್ಪಿಕೊಂಡಿತು. ಗುಂಡು ಹಾರಲಿಲ್ಲ, ಪತ್ರಿಕೆಗಳ ಮುಖಪುಟದಲ್ಲಿ ಹೆಚ್ಚು ದಿನ ಉಳಿಯಲೂ ಇಲ್ಲ.

ಶ್ರೀರಂಗಪಟ್ಟಣದ ಕಡಲ ಪಾಲಿನಲ್ಲಿ ಒಂದು ಚೂರು ಮಾತ್ರ ಬಹುಕಾಲ ಉಳಿಯಿತು. 1787ರಲ್ಲಿ ಅರಬ್ಬಿ ಸಮುದ್ರದ ಅಮೀನಿ ದ್ವೀಪಗಳ ಜನ ಕಣ್ಣನೂರಿನ ಅರಸು ಮನೆತನದ ಆಳ್ವಿಕೆಗೆ ಬೇಸತ್ತು, ತಾವಾಗಿ ಬಂದು ಟಿಪ್ಪುವಿನ ಆಶ್ರಯ ಬೇಡಿದ್ದರು. ಅವನು ದ್ವೀಪಗಳನ್ನು ತೆಗೆದುಕೊಂಡು ಕಣ್ಣನೂರಿನವರಿಗೆ ಬದಲಿಗೆ ಜಹಗೀರು ಕೊಟ್ಟ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಕಂಪನಿಗೆ ಸೇರಿ, ಕೆನರಾ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಕೈಕೆಳಗೆ ಉಳಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಅಮೀನಿ ದ್ವೀಪಗಳು ಅದರಿಂದ ಬೇರೆಯಾಗಿ ಇಂದಿನ ಲಕ್ಷದ್ವೀಪದೊಳಗೆ ಸೇರಿಹೋದವು.